ಮಂಚಮ್ಮನ ಎಡಗೈ

ಚಿನಕುರಳಿಯಲ್ಲಿ ಮಂಚಮ್ಮನ ಕೈಯ ಮುದ್ದೆ ಉಣ್ಣದವರು ಯಾರಾದರೂ ಇದ್ದರೆ ಅವರು ಮೊನ್ನೆ ಮೊನ್ನೆ ಹುಟ್ಟಿದ ಮಕ್ಕಳೇ ಇರಬೇಕು. ನಾಟಿಗೆ ಬಂದ ಹೆಣ್ಣಾಳುಗಳು, ಕ್ವಾರಿಯ ಲಾರಿಯವರು, ಹಸುವಿಗೆ ಸೂಜಿ ಹಾಕಲು ಬಂದ ಡಾಕ್ಟರು, ಯಾರೇ ಆಗಲಿ, ಊಟದ ಹೊತ್ತಿಗೆ ಆ ಹೊಸ್ತಿಲು ದಾಟಿದರೆ ಉಂಡೇ ಏಳಬೇಕು. ತಾನು ಕೂತಾಗಲೂ ಅಷ್ಟೆ. ತನ್ನ ತಟ್ಟೆಗೆ ಬಿದ್ದ ಒಳ್ಳೆಯ ತುಂಡನ್ನು ಮೊದಲು ಎದುರಿಗೆ ಕೂತವರಿಗೆ ಎತ್ತಿ ಹಾಕಿ, ಆಮೇಲೆ ತಾನು ತುತ್ತು ಮುರಿಯುತ್ತಿದ್ದಳು. ಊರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿತ್ತು.

ಹಾಗಂತ ಅವಳನ್ನು ಅನ್ನಪೂರ್ಣೆ ಎಂದು ಕೂರಿಸಿ ಮಂಗಳಾರತಿ ಎತ್ತಲು ನಾನು ಹೊರಟಿಲ್ಲ. ಆ ಕೈಯಲ್ಲಿ ಮುದ್ದೆ ಕೋಲೂ ಇರುತ್ತಿತ್ತು. ಕಿರಿಮಗ ನಿಂಗರಾಜು ಹುಟ್ಟು ಎಡಚ. ತಟ್ಟೆಗೆ ಎಡಗೈ ಹಾಕಿದಾಗೆಲ್ಲ ಮಣಿಕಟ್ಟಿಗೆ ಕೋಲಿನ ಏಟು ಬೀಳುತ್ತಿತ್ತು. ಏಟಿಗೆ ಬಗ್ಗಲಿಲ್ಲ. ಕೊನೆಗೆ ಹಳೇ ಸೀರೆಯ ಅಂಚು ಹರಿದು, ಐದು ವರ್ಷದ ಮಗನ ಎಡಗೈಯನ್ನು ಪಡಸಾಲೆ ಕಂಬಕ್ಕೆ ಬಿಗಿದು, ಬಲಗೈ ಮುಂದೆ ತಟ್ಟೆ ಇಟ್ಟಳು. "ಅದು ಉಣ್ಣೋ ಕೈಯಲ್ಲ ಕಣ್ಲಾ, ತೊಳ್ಯೋ ಕೈ. ಬಲಗೈಲಿ ಉಣ್ಣಂಗಿದ್ರೆ ಉಣ್ಣು, ಇಲ್ದಿದ್ರೆ ಉಪಾಸ ಸಾಯಿ." ಎರಡು ವರ್ಷ ಹಾಗೆ ಉಂಡ ಹುಡುಗ ಬಲಚನಾದ. ಊರಿನವರು ಹೌದೌದು ಮಕ್ಕಳನ್ನು ಬೆಳೆಸಿದರೆ ಹೀಗೆ ಬೆಳೆಸಬೇಕು ಎಂದರು.

ಆ ಮಂಚಮ್ಮನಿಗೆ ತೊಂಬತ್ತೈದನೇ ಇಸವಿಯ ದೀಪಾವಳಿ ಕಳೆದ ವಾರ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ಹೋಯಿತು. ಬಲಗಡೆ ನಿಂತವರು ಕಾಣದಾದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಮಲಗಿದಲ್ಲೇ ಮಲಗಿ ಹಿಮ್ಮಡಿಯಲ್ಲಿ ಗಾಯವಾಗಿ ಕೀವು ಕಟ್ಟಿತು.

ಮನೆಯಲ್ಲಿ ಇದ್ದವರು ಮೂರು ಜನ. ಹಿರಿಮಗ ಮರಿಸ್ವಾಮಿ ಹಾಲಿನ ಡೈರಿಯ ಅಧ್ಯಕ್ಷ. ಹೆಂಡತಿ ಜಯಲಕ್ಷ್ಮಮ್ಮನಿಗೆ ನಾಲ್ಕು ಸೀಮೆ ಹಸು, ಐದು ಗಂಟೆಗೆ ಹಾಲು ಕರೆಯಬೇಕು. ಮಗಳು ದಿವ್ಯ ಪಾಂಡವಪುರಕ್ಕೆ ಬಸ್ಸಿನಲ್ಲಿ ಹೋಗಿ ಎರಡನೇ ಪಿಯುಸಿ ಓದುತ್ತಿದ್ದಳು. ನಿಂಗರಾಜು ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಗುಮಾಸ್ತ, ಅಲ್ಲೇ ಮನೆ ಮಾಡಿದ್ದ.

"ಬೆಳಿಗ್ಗೆಯಿಂದ ಮೂರ್ ಸಲ ಬಟ್ಟೆ ಬದ್ಲಾಯ್ಸಿವ್ನಿ," ಎಂದು ಜಯಲಕ್ಷ್ಮಮ್ಮ ಒಂದು ದಿನ ಸಗಣಿ ಮಂಕರಿಯನ್ನು ದಡಾರನೆ ಕೆಳಗೆ ಎಸೆದಳು. "ಕೊಟ್ಗೆ ಬಾಚದೂ ನಾನೇ, ಇದ್ನ ಬಾಚದೂ ನಾನೇ. ನಾನೇನ್ ಮನುಸ್ಳಾ, ಮರದ್ ಬೊಂಬೆನಾ?"

"ಮೆಲ್ಲಗ್ ಮಾತಾಡೇ, ಅವ್ವುಂಗೆ ಕಿವಿ ಕೇಳ್ತದೆ," ಎಂದ ಮರಿಸ್ವಾಮಿ.

"ಕೇಳ್ಲಿ! ಇಪ್ಪತ್ ವರ್ಸ ನಾನು ಕೇಳಿಲ್ವಾ? ಅತ್ತೆಗೊಂದ್ ಕಾಲ ಸೊಸೆಗೊಂದ್ ಕಾಲ. ನಿಮ್ ತಮ್ಮನ್ಗೂ ಅವ್ರು ಅವ್ವನೇ ಅಲ್ವಾ? ಅವ್ನು ಒಂದ್ ತಿಂಗ್ಳು ಮಡಿಕ್ಕಳ್ಲಿ."

ನಿಂಗರಾಜುವಿನ ಹೆಂಡತಿ ರಂಜಿತ ಸ್ಕೂಲ್ ಟೀಚರು. ಅವಳು ಬಂದು ಬಾಗಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದಳು: "ನಮ್ಮನೇಲಿ ಇರೋದೇ ಎರಡು ರೂಮು ಅಕ್ಕ. ಇಬ್ರೂ ಕೆಲಸಕ್ಕೆ ಹೋದ್ರೆ ಅತ್ತೇನ ಬೀಗ ಹಾಕಿಟ್ಟು ಹೋಗೋದಾ?"

ಹೊಸಹೊಳಲು ರಸ್ತೆಯಲ್ಲಿ ಒಂದು ಆರೈಕೆ ಮನೆ ಇದೆ ಎಂಬ ಸುದ್ದಿ ತಂದವನು ನಿಂಗರಾಜು. ರಿಟೈರಾದ ಹೆಡ್ ಮೇಷ್ಟ್ರು ಜಯರಾಮಯ್ಯ, ತಮ್ಮ ತಮ್ಮ ಮನೆಯವರಿಂದ ನೋಡಿಕೊಳ್ಳಲಾಗದಂಥ ಹನ್ನೊಂದು ಮಂದಿಯನ್ನು ಅಲ್ಲಿ ಇಟ್ಟುಕೊಂಡಿದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ದುಡಿದ ನರ್ಸು ಪದ್ಮ ಅಲ್ಲಿಯ ಉಸ್ತುವಾರಿ. ಸಂಕ್ರಾಂತಿ ಮುಗಿದ ಮರುದಿನ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಂಚಮ್ಮನನ್ನು ಒರಗಿಸಿ ಕರೆದೊಯ್ದರು. ಊರಿನವರಿಗೆ "ಅವ್ವ ನಿಂಗರಾಜಿನ ಮನೇಲಿ ಇರ್ತಾರೆ" ಎಂದರು. ಅವ್ವನನ್ನು ಆಶ್ರಮಕ್ಕೆ ಹಾಕಿದ್ದಾರೆ ಎಂದರೆ ಡೈರಿ ಅಧ್ಯಕ್ಷರ ಮುಖ ಎಲ್ಲಿ ಉಳಿಯಬೇಕು?

ಪದ್ಮ ಮಂಚಮ್ಮನ ಕೈಕಾಲು ಮುಟ್ಟಿ ನೋಡಿ, ಒಂದು ರಟ್ಟಿಗೆ ಬಿಳಿ ಹಾಳೆ ಸಿಕ್ಕಿಸಿಕೊಂಡು ಕೂತಳು.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತಿದ್ರು? ಯಾವ ಮಗ್ಗುಲಿಗೆ ಮಲಗ್ತಿದ್ರು? ಏನಂತ ಕೂಗಿದ್ರೆ ತಿರುಗಿ ನೋಡ್ತಾರೆ? ಯಾವುದಕ್ಕೆ ಸಿಟ್ಟು ಬರುತ್ತೆ? ಯಾವುದಕ್ಕೆ ನಾಚಿಕೆ?"

ಮರಿಸ್ವಾಮಿ ನಕ್ಕ. "ಏನ್ ಸಿಸ್ಟ್ರಮ್ಮ, ನಮ್ಮವ್ವುಂಗೆ ಗಂಡು ಗೊತ್ತು ಮಾಡ್ತಾ ಇದ್ದೀರಾ? ಮಾತ್ರೆ ಕೊಡಿ, ಅನ್ನ ಹಾಕಿ, ಸಾಕು."

"ಇಲ್ಲಿ ಹನ್ನೊಂದು ಜನ ಇದ್ದಾರೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲ್ಲ. ಅದಕ್ಕೇ ಕೇಳ್ತಿದೀನಿ," ಎಂದಳು ಪದ್ಮ.

"ಹನ್ನೊಂದು ಜನಕ್ಕೆ ಹನ್ನೊಂದು ಜಾತಕ ಬರೀತಾಳೆ ನಮ್ಮ ಪದ್ಮ," ಎಂದರು ಜಯರಾಮಯ್ಯ ಕನ್ನಡಕ ಒರೆಸುತ್ತ. ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಬೇಸರವೂ ಇತ್ತು.

ಮರಿಸ್ವಾಮಿಗೆ ತನ್ನ ಅವ್ವನ ಬಗ್ಗೆ ಹೇಳಲು ಎರಡು ಮಾತೂ ಇರಲಿಲ್ಲ. ಉತ್ತರ ಕೊಟ್ಟವಳು ದಿವ್ಯ. ಐದು ಗಂಟೆಗೆ ಹಸುವಿನ ಸದ್ದಿಗೆ ಏಳುತ್ತಾಳೆ, ದೊಡ್ಡವ್ವ ಎಂದರೆ ಮಾತ್ರ ತಿರುಗುತ್ತಾಳೆ, ಅನ್ನ ಕಂಡರೆ ಆಗದು, ಮುದ್ದೆಯೇ ಬೇಕು, ಎಲ್ಲ ಹೇಳಿದಳು. ಪದ್ಮ ಬರೆದುಕೊಂಡಳು.

ಮೊದಲ ಮೂರು ವಾರ ಮಂಚಮ್ಮ ಯಾರ ಮಾತಿಗೂ ಬಗ್ಗಲಿಲ್ಲ. ತಿನ್ನಿಸಲು ಹೋದರೆ ತುಟಿ ಬಿಗಿದುಕೊಳ್ಳುತ್ತಿದ್ದಳು. ಜನ್ಮವಿಡೀ ಊರಿಗೆ ಉಣಿಸಿದವಳು ಇನ್ನೊಬ್ಬರ ಕೈ ತುತ್ತಿಗೆ ಬಾಯಿ ತೆರೆಯುವುದು ಹೇಗೆ? ಪದ್ಮ ತಟ್ಟೆಯನ್ನು ಎಡಕ್ಕೆ ಇಟ್ಟು, "ದೊಡ್ಡವ್ವ, ಈ ಕೈ ಚೆನ್ನಾಗಿದೆ. ಇದರಲ್ಲೇ ಉಣ್ಣಿ" ಎಂದರೆ, ಮಂಚಮ್ಮ ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಗೋಡೆ ಕಡೆ ತಿರುಗುತ್ತಿದ್ದಳು. ನಾಲ್ಕು ಗುಟುಕು ಅಂಬಲಿಯಲ್ಲೇ ದಿನ ಕಳೆದು ಮೈ ಇಳಿಯಿತು, ಕಣ್ಣು ಗುಳಿ ಬಿದ್ದವು.

ಶನಿವಾರ ಬಂದ ದಿವ್ಯಳನ್ನು ಪದ್ಮ ಮತ್ತೆ ಕೇಳಿದಳು. "ಎಡಗೈ ಅಂದ್ರೆ ಯಾಕೆ ಇಷ್ಟು?"

ದಿವ್ಯ ಚಿಕ್ಕಪ್ಪನನ್ನು ಕಂಬಕ್ಕೆ ಕಟ್ಟಿದ ಕತೆ ಹೇಳಿದಳು. ಮನೆಯಲ್ಲಿ ಹಬ್ಬ ಹುಣ್ಣಿಮೆಗೆಲ್ಲ ಹೇಳಿ ನಗುವ ಕತೆ ಅದು. ಪದ್ಮ ನಗಲಿಲ್ಲ. ಅವತ್ತು ಮಧ್ಯಾಹ್ನ ಒಂದು ಹಳೇ ಬೆಡ್‌ಶೀಟು ತಂದು ಮಂಚದ ಸುತ್ತ ಪರದೆ ಕಟ್ಟಿಸಿದಳು. ಒಳಗೆ ತಟ್ಟೆ ಇಟ್ಟು, "ಯಾರೂ ನೋಡಲ್ಲ ದೊಡ್ಡವ್ವ. ನಾನೂ ನೋಡಲ್ಲ" ಎಂದು ಹೊರಗೆ ಬಂದು ಬೆನ್ನು ಹಾಕಿ ಕೂತಳು. ಅರ್ಧ ಗಂಟೆ ಏನೂ ಸದ್ದಿಲ್ಲ. ಆಮೇಲೆ ತಟ್ಟೆ ಸಣ್ಣಗೆ ಸರಿದ ಸದ್ದಾಯಿತು. ಪರದೆ ಸರಿಸಿದಾಗ ಒಂದು ಗೋಲಿಯಷ್ಟು ಮುದ್ದೆ ಖಾಲಿಯಾಗಿತ್ತು, ಮಂಚಮ್ಮನ ಕಣ್ಣು ಒದ್ದೆಯಾಗಿತ್ತು. ಎಡಗೈ ಮತ್ತೆ ಸೆರಗಿನೊಳಗೆ ಹೋಗಿತ್ತು.

ಅಲ್ಲಿಂದ ದಿನಕ್ಕೆ ಇಷ್ಟಿಷ್ಟು. ಶಿವರಾತ್ರಿಯ ಹೊತ್ತಿಗೆ ಒಂದು ಸಣ್ಣ ಮುದ್ದೆ ಪೂರ್ತಿ ಉಣ್ಣುತ್ತಿದ್ದಳು. ಅದೇ ಕೈಯಿಂದ ಮಂಚದ ಕಂಬಿ ಬಡಿದು ಮಾತೂ ಆಡತೊಡಗಿದಳು: ಒಂದು ಬಡಿತಕ್ಕೆ ನೀರು, ಎರಡಕ್ಕೆ ಹೊರಕ್ಕೆ, ಮೂರಕ್ಕೆ ಮಗ್ಗುಲು ಬದಲಿಸಿ ಎಂದು. ಹೊರಕ್ಕೆ ಹೋಗಬೇಕೆಂದು ಹೇಳಲು ಬಂದ ಮೇಲೆ ಬಟ್ಟೆ ಕೆಡುವುದು ನಿಂತಿತು. ಹಿಮ್ಮಡಿ ಗಾಯ ಮಾಯಿತು. ಪದ್ಮ ಇದನ್ನೆಲ್ಲ ಚೀಟಿಗೆ ಸೇರಿಸಿ ಮಂಚದ ತಲೆಗೆ ದಾರದಿಂದ ಕಟ್ಟಿದಳು. ಬಲಗಡೆಯಿಂದ ಹೋಗಿ ಮಾತಾಡಿಸಬೇಡಿ, ಬೆದರುತ್ತಾರೆ. ಮುದ್ದೆ ಮೆತ್ತಗಿರಲಿ, ತುತ್ತು ನಿಂಬೆಹಣ್ಣಿಗಿಂತ ಸಣ್ಣದಿರಲಿ. ಉಂಡ ತಕ್ಷಣ ಮಲಗಿಸಬೇಡಿ. ಉಣ್ಣುವಾಗ ಪರದೆ ಎಳೆಯಿರಿ. ಎಡಗೈಯೇ ಅವರ ಬಾಯಿ, ಅದನ್ನು ಯಾರೂ ತಡೆಯಬೇಡಿ.

ನಿಂಗರಾಜು ವಾರಕ್ಕೊಮ್ಮೆ ಆಫೀಸು ಬಿಟ್ಟು ಬರುತ್ತಿದ್ದವನು ಒಂದು ದಿನ ಊಟದ ಹೊತ್ತಿಗೆ ಬಂದು, ಪರದೆಯ ಸಂದಿಯಲ್ಲಿ ಇಣುಕಿದ. ಅವ್ವ ಎಡಗೈಯಲ್ಲಿ ತುತ್ತು ಮುರಿಯುವುದನ್ನು ಕಂಡ. ಅವಳೂ ಅವನನ್ನು ಕಂಡಳು. ತುತ್ತು ತಟ್ಟೆಗೆ ಬಿತ್ತು. ಅವತ್ತು ಸಂಜೆಯೂ ಅವಳು ಉಣ್ಣಲಿಲ್ಲ.

"ನೋಡುದ್ರಾ ಸಿಸ್ಟ್ರೇ," ಎಂದ ನಿಂಗರಾಜು. ನಗುತ್ತಿದ್ದನೋ ಏನೋ, ತುಟಿ ಮಾತ್ರ ಒಂದು ಕಡೆಗೆ ಹೋಗಿತ್ತು. "ನನ್ನ ಕಂಬುಕ್ ಕಟ್ಟಿದ್ಲು. ಈಗ ತಾನೇ ಎಡಗೈಲಿ ಹೊಡೀತಾ ಅವ್ಳೆ. ಮಾಡಿದ್ದುಣ್ಣೋ ಮಾರಾಯ ಅಂದಂಗಾಯ್ತು."

"ಊಟದ ಹೊತ್ತಲ್ಲಿ ನೀವು ಬರಬೇಡಿ," ಎಂದಳು ಪದ್ಮ. ಆ ಮಾತನ್ನೂ ಚೀಟಿಗೆ ಬರೆದಳು: ಉಣ್ಣುವಾಗ ಮಕ್ಕಳನ್ನೂ ಬಿಡಬೇಡಿ.

ಅದೇ ತಿಂಗಳು ದಿವ್ಯಳಿಗೆ ಅಕ್ಕಿಹೆಬ್ಬಾಳಿನಿಂದ ಸಂಬಂಧ ಕೂಡಿ ಬಂತು. ಹುಡುಗ ದಿಲೀಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಪ್ಪ ಚಲುವಯ್ಯನಿಗೆ ಹೇಮಾವತಿ ದಂಡೆಯಲ್ಲಿ ಗದ್ದೆ. ಮಧ್ಯಸ್ಥನಾಗಿ ಓಡಾಡಿದವನು ಮರಿಯಯ್ಯ. ದಿವ್ಯ ಪರೀಕ್ಷೆ ಮುಗಿಯಲಿ ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ನಂಗ್ ಈ ಮನೆ ಯಾಕ್ ಇಡುಸ್ತು ಗೊತ್ತಾ ಮರಿಸ್ವಾಮಣ್ಣ?" ಎಂದಿದ್ದ ಚಲುವಯ್ಯ ಮಾತುಕತೆಯ ದಿನ. "ನಾನ್ ಉಡುಗ್ನಾಗಿದ್ದಾಗ ಈ ದಾರೀಲಿ ಗಾಡಿ ಒಡ್ಕಂಡ್ ಓಗ್ತಾ ಇದ್ದೆ. ದೊಡ್ಡವ್ವ ಕರ್ದು ಉಣ್ಣಕ್ ಇಕ್ಕಿದ್ರು. ಆ ಕೈ ಊಟ ಇನ್ನೂ ನೆಪ್ಪೈತೆ. ಎಲ್ಲವ್ರೆ ದೊಡ್ಡವ್ವ?"

"ತಮ್ಮನ ಮನೇಲವ್ರೆ," ಎಂದ ಮರಿಸ್ವಾಮಿ.

"ಆಶ್ರಮ್ದಲ್ಲಿ ಮಡಗವ್ರೆ ಅಂತ ಯಾರೋ ಅಂದಂಗಿತ್ತು."

"ಯಾವನ್ ಅಂದೋನು? ಯುಗಾದಿಗೆ ಮನೇಗ್ ಬತ್ತಾರೆ. ಹೊಸತೊಡಕಿಗೆ ನೀವೂ ಬನ್ನಿ ಬೀಗ್ರೆ, ಅವ್ವುನ್ ಜೊತೇಲೇ ಕುಂತು ಉಣ್ಣೀರಂತೆ."

ಆಡಿದ ಮಾತು ಆಡಿದ್ದಾಯಿತು. ಯುಗಾದಿಗೆ ಎರಡು ದಿನ ಇರುವಾಗ ಅಣ್ಣತಮ್ಮ ಇಬ್ಬರೂ ಆರೈಕೆ ಮನೆಗೆ ಹೋದರು.

"ಈಗಲೇ ಬೇಡ," ಎಂದಳು ಪದ್ಮ. "ಇನ್ನೊಂದು ಎರಡು ತಿಂಗಳು ಬಿಡಿ. ಪರದೆ ಇಲ್ಲದೆ ಇನ್ನೂ ಉಣ್ಣಲ್ಲ ಅವರು. ಆ ಕೈಯನ್ನ ಅವರು ನಂಬೋಕೆ ಎರಡು ತಿಂಗಳು ಹಿಡೀತು. ಕೆಡಿಸೋಕೆ ಎರಡು ದಿನ ಸಾಕು."

"ನಮ್ಮವ್ವುನ್ನ ಸಾಕೋ ಯೋಗ್ತೆ ನಮಗಿಲ್ವಾ?" ಎಂದ ಮರಿಸ್ವಾಮಿ.

ಜಯರಾಮಯ್ಯ ಒಳಗಿಂದ ಬಂದರು. "ಕರ್ಕೊಂಡು ಹೋಗಿ, ನಿಮ್ಮ ತಾಯಿ. ಆದರೆ ಹಾಸಿಗೆ ಕಾಯಿಸೋಕಾಗಲ್ಲ. ನಾಗಮಂಗಲದವರೊಬ್ಬರು ಒಂದು ತಿಂಗಳಿಂದ ಕಾದಿದ್ದಾರೆ."

ಪದ್ಮ ಮಂಚದ ತಲೆಯಿಂದ ಚೀಟಿ ಬಿಚ್ಚಿ ಮಡಿಸಿ ಮರಿಸ್ವಾಮಿಯ ಜೇಬಿಗೆ ತಾನೇ ಇಟ್ಟಳು. ಮರಿಸ್ವಾಮಿ ಅದನ್ನು ಕಾರಿನಲ್ಲೂ ಓದಲಿಲ್ಲ, ಮನೆಯಲ್ಲೂ ಓದಲಿಲ್ಲ. ಓದಿದವಳು ದಿವ್ಯ. ಹಿಂದಿನ ಕೋಣೆಯಲ್ಲಿ ಅಜ್ಜಿಯ ಮಂಚಕ್ಕೆ ಕಟ್ಟಿ, ಬಾಗಿಲಿಗೆ ತನ್ನ ಹಳೇ ಲಂಗದಾವಣಿ ಇಳಿಬಿಟ್ಟು ಪರದೆ ಮಾಡಿದಳು. ಯುಗಾದಿಯ ದಿನ ಮಂಚಮ್ಮ ಆ ಪರದೆಯ ಹಿಂದೆ ಹೋಳಿಗೆಯ ಚೂರು ಬಾಯಿಗೆ ಹಾಕಿಕೊಂಡಳು, ಎರಡು ಸಲ ಕಂಬಿ ಬಡಿದು ಹೊರಕ್ಕೆ ಹೋದಳು. ಬಟ್ಟೆ ಕೆಡಲಿಲ್ಲ. ಜಯಲಕ್ಷ್ಮಮ್ಮನೂ ಅವತ್ತು, "ಪರ್ವಾಗಿಲ್ಲ ಕಣೇ, ಆ ಸಿಸ್ಟ್ರು ಏನೋ ಮಾಡವ್ಳೆ" ಎಂದಳು.

ಮರುದಿನ ಹೊಸತೊಡಕು. ಬೆಳಿಗ್ಗೆಯೇ ಮರಿ ಕಡಿದು, ಮನೆಯೆಲ್ಲ ಮಸಾಲೆಯ ಘಮ. ಹನ್ನೊಂದಕ್ಕೆ ಚಲುವಯ್ಯ, ದಿಲೀಪ, ಅವರ ಕಡೆಯ ನಾಲ್ಕು ಗಂಡಸರು ಬಂದರು. ಮಂಚಮ್ಮನಿಗೆ ಎಲೆ ಹಾಕುವ ಮೊದಲೇ ಒಳಗೆ ಉಣಿಸಿ ಮಲಗಿಸಬೇಕೆಂಬುದು ಜಯಲಕ್ಷ್ಮಮ್ಮನ ಲೆಕ್ಕ. ಚಲುವಯ್ಯ ಬಿಡಬೇಕಲ್ಲ!

"ದೊಡ್ಡವ್ವ ಒಳಗ್ಯಾಕೆ? ಕರ್ಕಂಡ್ ಬನ್ನಿ, ನಮ್ ಜೊತೇಲಿ ಕುಂದ್ರಲಿ."

ಇಬ್ಬರು ಹಿಡಿದು ತಂದು ಪಡಸಾಲೆ ಕಂಬಕ್ಕೆ ಒರಗಿಸಿ ಮಣೆಯ ಮೇಲೆ ಕೂರಿಸಿದರು. ಎದುರಿಗೆ ಚಲುವಯ್ಯ. ಎಲೆ ಹಾಕಿದರು. ಮುದ್ದೆ ಬಂತು, ಸಾರು ಬಂತು. ಮನೆಯ ಹಿರಿಯಳೆಂದು ಅವಳ ಎಲೆಗೆ ನಲ್ಲಿ ಮೂಳೆ ಬಿತ್ತು. ಜಯಲಕ್ಷ್ಮಮ್ಮ ಬಲಗಡೆ ಕೂತು, "ಬಾಯ್ ಬುಡಿ ಅತ್ತೆ" ಎಂದು ತುತ್ತು ಹಿಡಿದಳು. ಬಲಗಡೆಯಿಂದ ಬಂದ ಕೈ ಕಾಣದೆ ಮಂಚಮ್ಮ ಬೆದರಿ ತಲೆ ಕೊಡವಿದಳು. ಸಾರು ಕುಪ್ಪಸದ ಮೇಲೆ ಚೆಲ್ಲಿತು.

"ಅಮ್ಮ, ಎಡಗಡೆಗ್ ಬಾ," ಎಂದಳು ದಿವ್ಯ ಬಾಗಿಲ ಮರೆಯಿಂದ. ಜಯಲಕ್ಷ್ಮಮ್ಮ ಕಣ್ಣಲ್ಲೇ ಗದರಿಸಿದಳು.

ಮಂಚಮ್ಮ ಪಡಸಾಲೆಯ ಉದ್ದಕ್ಕೂ ನೋಡಿದಳು. ಸಾಲಾಗಿ ಎಲೆ, ಎಲೆಯ ಮುಂದೆ ಜನ. ಅದು ಅವಳ ಮನೆ, ಅವಳ ಪಡಸಾಲೆ, ಅವಳ ಎದುರಿಗೆ ಕೂತ ನೆಂಟ. ಪರದೆ ಇರಲಿಲ್ಲ. ಅವಳ ಎಡಗೈ ಸೆರಗಿನಿಂದ ಹೊರಗೆ ಬಂತು. ಎಲೆಯ ಮೇಲಿನ ನಲ್ಲಿ ಮೂಳೆಯನ್ನು ಎತ್ತಿತು. ನಿಧಾನಕ್ಕೆ ಮುಂದಕ್ಕೆ ಹೋಗಿ, ಚಲುವಯ್ಯನ ಎಲೆಯ ಮೇಲೆ, ಅವನ ಮುದ್ದೆಯ ಪಕ್ಕದಲ್ಲೇ ಅದನ್ನು ಇಟ್ಟಿತು. ಆಮೇಲೆ ಅವಳು ಅದೇ ಕೈಯಲ್ಲಿ ತುತ್ತು ಮುರಿದು, ಸಾರಿಗೆ ಅದ್ದಿ, ಎಲ್ಲರ ಮುಂದೆ ನುಂಗಿದಳು. ಸೊಟ್ಟ ಬಾಯಲ್ಲೇ ನಕ್ಕಳು. ಲಕ್ವ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಚಲುವಯ್ಯನ ಕೈ ತುತ್ತಿನ ಮೇಲೇ ನಿಂತಿತು. ಅವನು ಕೆಟ್ಟವನಲ್ಲ, ಒಂದು ಗಳಿಗೆ ಆ ಮೂಳೆಯನ್ನೇ ನೋಡಿದ. ಪಕ್ಕದಲ್ಲಿ ಕೂತ ಅವನ ಅಣ್ಣ ಮೆಲ್ಲಗೆ ಎಲೆ ಮಡಿಸಿದ. ಅದನ್ನು ನೋಡಿ ಚಲುವಯ್ಯನೂ ಮಡಿಸಿದ.

"ಉಂಡಿದ್ದಾಯ್ತು ಬುಡಿ. ಬಿಸ್ಲು ಏರ್ತಾ ಅದೆ, ಬಸ್ಸು ತಪ್ಪೋಯ್ತದೆ."

"ಇನ್ನೂ ಅನ್ನುಕ್ಕೇ ಬಂದಿಲ್ವಲ್ಲ ಬೀಗ್ರೆ!"

"ಇರ್ಲಿ ಇರ್ಲಿ. ಮರಿಯಯ್ಯನ ಕೈಲಿ ಯೋಳಿ ಕಳುಸ್ತೀವಿ."

ಅವರು ಹೋಗಿ ಹತ್ತು ನಿಮಿಷಕ್ಕೆ ಮನೆ ರಣರಂಗವಾಯಿತು.

"ಮಾನ ಓಯ್ತು! ತೊಳ್ಯೋ ಕೈಲಿ ಬೀಗ್ರ ಎಲೇಗ್ ಇಕ್ಕುದ್ರಲ್ಲ!" ಜಯಲಕ್ಷ್ಮಮ್ಮ ಎದೆ ಬಡಿದುಕೊಂಡಳು. "ಬೇಕು ಅಂತ್ಲೇ ಮಾಡವ್ರೆ. ನನ್ ಮಗಳ ಬಾಳು ನೆಟ್ಟಗಾದ್ರೆ ಇವ್ರ್ ಕಣ್ ಉರೀತದೆ."

"ಆ ಸಿಸ್ಟ್ರು ಎರಡ್ ತಿಂಗ್ಳು ಕಲಿಸಿದ್ದು ಇದೇನಾ?" ಎಂದು ಮರಿಸ್ವಾಮಿ ಉಂಡ ಎಲೆಗಳನ್ನು ಕಾಲಲ್ಲಿ ಒದ್ದ.

"ಇನ್ನೊಂದ್ ಕೈ ಎಲ್ಲೈತೆ ಅಪ್ಪ ಅಜ್ಜಿಗೆ?" ಎಂದಳು ದಿವ್ಯ. "ಇರೋ ಕೈಲಿ ಇಕ್ಕುದ್ರು. ಇಕ್ದೆ ಉಣ್ಣೋರಾ ಅಜ್ಜಿ? ನಿಂಗೇ ಗೊತ್ತಿಲ್ವಾ?"

ಮರಿಸ್ವಾಮಿಯ ಕೈ ಮಗಳ ಕೆನ್ನೆಗೆ ಬಿತ್ತು. ಮಂಚಮ್ಮ ಕಂಬಕ್ಕೆ ಒರಗಿ ಕೂತಲ್ಲೇ ನೆಲ ಬಡಿದಳು. ಎರಡು ಸಲ, ಮತ್ತೆ ಎರಡು ಸಲ. ಯಾರೂ ಬರಲಿಲ್ಲ. ಪಡಸಾಲೆಯ ನೆಲ ಒದ್ದೆಯಾಯಿತು.

"ನೋಡಿ, ನೋಡಿ!" ಎಂದಳು ಜಯಲಕ್ಷ್ಮಮ್ಮ.

ಮರುದಿನ ನಿಂಗರಾಜು ಆರೈಕೆ ಮನೆಗೆ ಹೋಗಿ ಅವ್ವನನ್ನು ಮತ್ತೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ. ಹಾಸಿಗೆಯಲ್ಲಿ ನಾಗಮಂಗಲದ ಮುದುಕರು ಮಲಗಿದ್ದರು, ತಲೆಯ ಹತ್ತಿರ ಬೇರೆ ಚೀಟಿ ತೂಗುತ್ತಿತ್ತು. ಪದ್ಮ ನೆಲದ ಮೇಲಾದರೂ ಹಾಸಿಗೆ ಹಾಕುತ್ತೇನೆ ಎಂದಳು, ಜಯರಾಮಯ್ಯ ಒಪ್ಪಲಿಲ್ಲ.

ನಾಲ್ಕನೇ ದಿನ ಮರಿಯಯ್ಯ ಬಂದ. ಕಾಫಿ ಲೋಟ ಕೆಳಗಿಡುವವರೆಗೂ ವಿಷಯಕ್ಕೆ ಬರಲಿಲ್ಲ.

"ಸಮ್ಮಂದ ಬುಡಲ್ಲ ಅಂತವ್ರೆ. ಬರೋ ಬಾನುವಾರ ಎಂಗಸ್ರು ಬಂದು ಎಣ್ಣು ನೋಡ್ತಾರೆ, ಅವತ್ತೇ ದಿನ ಇಡಿಸ್ತಾರೆ. ಒಂದೇ ಒಂದ್ ಮಾತು. ಆ ಮುದುಕಮ್ಮುನ್ನ ಈಚೆಗೆ ತರಬ್ಯಾಡಿ. ಅದೇನೋ ಬಡೀತಾ ಇರ್ತಾರಂತಲ್ಲ, ಆ ಸದ್ದೂ ಬ್ಯಾಡ. ಎಂಗಸ್ರು ಶಕುನ ಗಿಕುನ ಅಂತಾರೆ."

ಭಾನುವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಮೂವರು ನಿಂತಿದ್ದರು. ಜಯಲಕ್ಷ್ಮಮ್ಮ ಹಳೇ ಸೀರೆಯ ಅಂಚನ್ನು ಪರ್ರನೆ ಹರಿದು ಗಂಡನ ಕೈಗೆ ಕೊಟ್ಟಳು. ಮರಿಸ್ವಾಮಿ ಅದನ್ನು ಹಿಡಿದು ನಿಂತ.

"ನನ್ ಕೈಲಾಗಲ್ಲ ಕಣ್ಲಾ," ಎಂದು ತಮ್ಮನಿಗೆ ಕೊಟ್ಟ.

"ಕೊಡಣ್ಣ ಇಲ್ಲಿ. ಎಂಗ್ ಕಟ್ಟಬೇಕು ಅಂತ ನಂಗೊತ್ತು." ನಿಂಗರಾಜು ಮಂಚದ ಅಂಚಿಗೆ ಕೂತ. "ಬರೀ ಮಣಿಕಟ್ಟಿಗೆ ಸುತ್ತುದ್ರೆ ಬಿಚ್ಕಂಡ್ ಬತ್ತದೆ. ಎಬ್ಬೆಟ್ಟಿನ ಸಂದೀಲಿ ಒಂದ್ ಸುತ್ತು ತರ್ಬೇಕು."

ಮಂಚಮ್ಮ ಅವನನ್ನೇ ನೋಡುತ್ತಿದ್ದಳು. ಕಂಬಿಯನ್ನು ಮೂರು ಸಲ ಬಡಿದಳು. ನಿಂಗರಾಜು ಆ ಕೈಯನ್ನು ಹಿಡಿದುಕೊಂಡ.

"ಒಂದ್ ಗಳಿಗೆ ಕಣವ್ವ. ನಂಗೆ ಎರಡ್ ವರ್ಸ ಕಟ್ಟಿರ್ನಿಲ್ವಾ ನೀನು? ನಾನೇನ್ ಸತ್ನಾ? ಬಲಗೈಲಿ ಉಣ್ಣದ್ ಕಲ್ತೆ, ಬರ್ಯದ್ ಕಲ್ತೆ, ಸರ್ಕಾರಿ ಕೆಲ್ಸ ಸಿಕ್ತು."

"ಅಜ್ಜಿಗೆ ಬಲಗೈ ಸತ್ತೋಗದೆ ಚಿಕ್ಕಪ್ಪ!" ದಿವ್ಯ ಬಾಗಿಲಲ್ಲಿ ಹೂವು ಮುಡಿದು ನಿಂತಿದ್ದಳು.

"ನೀನ್ ಓಗಿ ಸೀರೆ ಉಟ್ಕ ಓಗು," ಎಂದಳು ತಾಯಿ.

ಮಂಚದ ಕಂಬಿಗೆ ಗಂಟು ಬಿತ್ತು. ಅದನ್ನು ಎಳೆದು ಬಿಗಿಮಾಡಿದ್ದು ನಿಂಗರಾಜುವಿನ ಎಡಗೈ. ಅವಸರದ ಕೆಲಸಕ್ಕೆ ಈಗಲೂ ಅದೇ ಮುಂದೆ ಬರುತ್ತಿತ್ತು.

ಅಕ್ಕಿಹೆಬ್ಬಾಳಿನ ಹೆಂಗಸರು ಬಂದರು, ಕಾಫಿ ಕುಡಿದರು, ಹುಡುಗಿ ಲಕ್ಷಣವಾಗಿದ್ದಾಳೆ ಎಂದರು. ವೈಶಾಖಕ್ಕೆ ಮದುವೆ ಎಂದು ದಿನ ಗೊತ್ತಾಯಿತು. ಹಿಂದಿನ ಕೋಣೆಯಿಂದ ಒಂದು ಸದ್ದೂ ಬರಲಿಲ್ಲ. ಅವರು ಹೋದ ಮೇಲೆ ಪಾತ್ರೆ ತೊಳೆಯುವುದಿತ್ತು, ಹಾಲು ಕರೆಯುವುದಿತ್ತು, ಡೈರಿಗೆ ಹಾಕುವುದಿತ್ತು. ಮಂಚಮ್ಮನ ಕಟ್ಟು ಬಿಚ್ಚಿದಾಗ ಸಂಜೆ ಏಳು ಗಂಟೆ. ಬೆರಳು ಊದಿ ನೀಲಿಯಾಗಿದ್ದವು.

ಒಂದು ದಿನಕ್ಕೆಂದು ಕಟ್ಟಿದ್ದು. ಆದರೆ ಮರುದಿನ ಮದುವೆ ಸೀರೆ ನೋಡಲು ಮೈಸೂರಿಗೆ ಹೋಗುವುದಿತ್ತು, ಅದರ ಮರುದಿನ ಯಾರೋ ನೆಂಟರು. ಕಟ್ಟಿದ್ದರೆ ಬಡ ಬಡ ಸದ್ದಿಲ್ಲ, ಎರಡು ಬಡಿದಾಗೆಲ್ಲ ಓಡಿ ಹೋಗಿ ಎಬ್ಬಿಸುವ ಗೋಳಿಲ್ಲ. ಅಡಿಗೊಂದು ರಬ್ಬರ್ ಶೀಟು ಹಾಸಿದರು. ದಿನಕ್ಕೆ ಎರಡು ಹೊತ್ತು ಜಯಲಕ್ಷ್ಮಮ್ಮ ಗಲ್ಲ ಹಿಡಿದು ಅಂಬಲಿ ಹುಯ್ದಳು. ಅರ್ಧ ಗಂಟಲಿಗೆ, ಅರ್ಧ ಕತ್ತಿಗೆ. "ನಾನೇನ್ ಉಪಾಸ ಮಡಗಿವ್ನಾ?" ಎಂದು ತಾನೇ ಕೇಳಿಕೊಂಡಳು.

ದಿವ್ಯ ಮೊದಲ ವಾರ ಕಾಲೇಜಿಗೆ ಹೊರಡುವ ಮುಂಚೆ ಕಟ್ಟು ಬಿಚ್ಚಿ, ದಾವಣಿಯ ಪರದೆ ಎಳೆದು, ಮುದ್ದೆ ಇಟ್ಟು ಬರುತ್ತಿದ್ದಳು. ಒಂದು ದಿನ ತಾಯಿಯ ಕೈಗೆ ಸಿಕ್ಕಿಬಿದ್ದಳು.

"ಮದ್ವೆ ಮುರುದ್ರೆ ಇದೇ ಅಜ್ಜೀನ ತಬ್ಕಂಡ್ ಬಿದ್ದಿರ್ತೀಯಾ ಜನ್ಮಪೂರ್ತಿ?" ಜಯಲಕ್ಷ್ಮಮ್ಮ ದಾವಣಿಯನ್ನು ಕಿತ್ತು ಒಲೆ ಒರೆಸಲು ಹಾಕಿದಳು. "ಅಷ್ಟ್ ಪಿರೂತಿ ಇದ್ರೆ ಇವತ್ತಿಂದ ಬಟ್ಟೆ ನೀನೇ ಒಗಿ, ಮೈ ನೀನೇ ಒರ್ಸು. ನಾನ್ ಮುಟ್ಟಲ್ಲ."

ಐದು ದಿನ ದಿವ್ಯ ಒಗೆದಳು, ಒರೆಸಿದಳು. ಆರನೇ ದಿನ ಪರೀಕ್ಷೆ ಶುರು. ಬೆಳಿಗ್ಗೆ ಏಳೂವರೆಯ ಬಸ್ಸು. ಅಜ್ಜಿ ಕಂಬಿಯನ್ನು ಎರಡು ಬಡಿದಳು. ಎತ್ತಿ ಕೂರಿಸಿ ಕರೆದೊಯ್ಯುವಷ್ಟರಲ್ಲಿ ಬಸ್ಸು ಹೋಗುತ್ತದೆ. ದಿವ್ಯ ಒಂದು ಗಳಿಗೆ ನಿಂತಳು. ಆಮೇಲೆ ದಿಂಬಿನ ಕೆಳಗಿನ ಸೀರೆ ಅಂಚು ತೆಗೆದು ಮಣಿಕಟ್ಟಿಗೆ ಸುತ್ತಿದಳು, ಹೆಬ್ಬೆರಳ ಸಂದಿಯಲ್ಲಿ ಒಂದು ಸುತ್ತು ತಂದಳು. "ಇವತ್ತೊಂದ್ ದಿನ ಅಜ್ಜಿ," ಎಂದು ಮುಖ ನೋಡದೆ ಓಡಿದಳು. ಅಲ್ಲಿಂದ ಕಟ್ಟುವ ಕೆಲಸ ಅವಳ ಪಾಲಿಗೇ ಬಿತ್ತು. ಬಟ್ಟೆಯನ್ನು ಮತ್ತೆ ಜಯಲಕ್ಷ್ಮಮ್ಮನೇ ಒಗೆಯತೊಡಗಿದಳು. ತಾಯಿ ಮಗಳ ಮಧ್ಯೆ ಜಗಳ ನಿಂತಿತು.

ಮದುವೆಗೆ ಒಂದು ವಾರ ಇರುವಾಗ ಪದ್ಮ ಬಂದಳು. ಯಾರೂ ಕರೆದಿರಲಿಲ್ಲ. ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ನಡೆದು ಬಂದಿದ್ದಳು. ಮನೆ ಮುಂದೆ ಚಪ್ಪರಕ್ಕೆ ಗಳ ನೆಡುತ್ತಿದ್ದರು. ಬಿಳೀ ಸೀರೆ ದೂರದಲ್ಲೇ ಕಂಡ ಜಯಲಕ್ಷ್ಮಮ್ಮ ಒಳಗೆ ಓಡಿ, ಕಟ್ಟು ಬಿಚ್ಚಿ, ಅಂಚನ್ನು ಹಾಸಿಗೆಯ ಅಡಿಗೆ ತುರುಕಿ, ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಬನ್ನಿ ಸಿಸ್ಟ್ರಮ್ಮ, ಬನ್ನಿ. ಚೆನ್ನಾಗವ್ರೆ ನಮ್ಮತ್ತೆ. ಈಗಂತೂ ಶ್ಯಾನೆ ಸಾಧು ಆಗ್ಬುಟ್ಟವ್ರೆ, ಒಂದ್ ಸದ್ದಿಲ್ಲ."

ಪದ್ಮ ಕೋಣೆಗೆ ಹೋಗಿ ಎಡಗಡೆಯಿಂದ ಬಂದು ನಿಂತಳು. "ದೊಡ್ಡವ್ವ," ಎಂದಳು. ಮಂಚಮ್ಮ ಕಣ್ಣು ತಿರುಗಿಸಿದಳು. ಹಿಮ್ಮಡಿಯ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಮಂಚದ ತಲೆಯಲ್ಲಿ ಚೀಟಿ ಇನ್ನೂ ತೂಗುತ್ತಿತ್ತು.

"ಒಂದು ಸಣ್ಣ ಮುದ್ದೆ ಕೊಡಿ, ಮೆತ್ತಗೆ," ಎಂದಳು ಪದ್ಮ ದಿವ್ಯಳಿಗೆ. ದಿವ್ಯ ತಟ್ಟೆ ತಂದುಕೊಟ್ಟು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಳು. ಪರದೆ ಇರಲಿಲ್ಲ. ಪದ್ಮ ಬಾಗಿಲು ಮುಚ್ಚಿ, ತಟ್ಟೆಯನ್ನು ಎಡಕ್ಕೆ ಇಟ್ಟು, ಬೆನ್ನು ಹಾಕಿ ಗೋಡೆ ನೋಡುತ್ತ ಕೂತಳು. ಬಹಳ ಹೊತ್ತು ಕೂತಳು. ಹೊರಗೆ ಗಳ ನೆಡುವವರ ಮಾತು ಕೇಳುತ್ತಿತ್ತು.

ತಿರುಗಿ ನೋಡಿದಾಗ ಮುದ್ದೆ ಇಟ್ಟ ಹಾಗೇ ಇತ್ತು. ಮಂಚಮ್ಮನ ಕಣ್ಣು ತಟ್ಟೆಯ ಮೇಲಿತ್ತು, ಬಾಯಿಂದ ಜೊಲ್ಲು ಇಳಿದು ದಿಂಬು ನೆನೆದಿತ್ತು. ಎಡಗೈ ಮಂಚದ ಕಂಬಿಗೆ ಒತ್ತಿಕೊಂಡಿತ್ತು. ಕಟ್ಟು ಇರಲಿಲ್ಲ, ಮಣಿಕಟ್ಟಿನ ಸುತ್ತ ಚರ್ಮ ಕಪ್ಪಾಗಿ ಕಿತ್ತು ಬಂದಿತ್ತು.

ಪದ್ಮ ಆ ಕೈಯನ್ನು ಎತ್ತಿ ತಟ್ಟೆಯ ಮೇಲೆ ಇಟ್ಟಳು. "ಉಣ್ಣಿ ದೊಡ್ಡವ್ವ. ಯಾರೂ ಇಲ್ಲ."

ಮಂಚಮ್ಮ ಮುಚ್ಚಿದ ಬಾಗಿಲನ್ನು ಒಂದು ಸಲ ನೋಡಿದಳು. ಕೈಯನ್ನು ತಟ್ಟೆಯಿಂದ ಎಳೆದುಕೊಂಡಳು. ಅದನ್ನು ತಾನೇ ಮತ್ತೆ ಕಂಬಿಯ ಹತ್ತಿರ ಒಯ್ದು, ಹೆಬ್ಬೆರಳು ಮಡಿಸಿ, ಮಣಿಕಟ್ಟನ್ನು ಮೊದಲಿದ್ದ ಜಾಗಕ್ಕೇ ಸರಿಯಾಗಿ ಇಟ್ಟುಕೊಂಡಳು.